ಅಮೆರಿಕದ ಎರಡು ನಲ್ಲಿ, ನಮ್ಮಣ್ಣನ ಒಂದು ಕುರ್ಚಿ

ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಹಗರಿಬೊಮ್ಮನಹಳ್ಳಿಯಿಂದ ಕೋಗಳಿಯ ಕಡೆ ಹೋಗುವ ಬಸ್ಸು ಎರಡು ನಿಮಿಷ ನಿಲ್ಲುವ ಒಂದು ಹಳ್ಳಿಯಲ್ಲಿ ನನ್ನ ಹೈಸ್ಕೂಲು. ನಾನು ಹುಟ್ಟಿದ ಊರೂ ಅದೇ. ಹಡಗಲಿ, ಹರಪನಹಳ್ಳಿ ಕಡೆ ಹನ್ನೆರಡು ವರ್ಷ ತಿರುಗಿ, ಯಾರ್ಯಾರದೋ ಕೈಕಾಲು ಹಿಡಿದು ಇಲ್ಲಿಗೆ ವರ್ಗ ಮಾಡಿಸಿಕೊಂಡು ಬಂದೆ. ಸ್ವಂತ ಊರಿನಲ್ಲಿ ಮೇಷ್ಟ್ರಾಗಬೇಡ ಅಂತ ಹಿರಿಯ ಶಿಕ್ಷಕರೊಬ್ಬರು ಹೇಳಿದ್ದರು. ಹೊಟ್ಟೆಕಿಚ್ಚಿಗೆ ಹೇಳುತ್ತಾರೆ ಅಂದುಕೊಂಡಿದ್ದೆ.

ಅಮೆರಿಕದ ಗುಲಾಮಗಿರಿಯ ವಿಷಯ ಪುಸ್ತಕದಲ್ಲಿ ನಾಲ್ಕು ಸಾಲಿಗೆ ಮುಗಿಯುತ್ತದೆ. ನಾನು ಅದನ್ನು ಮೂರು ಪಿರಿಯಡ್ ಎಳೆಯುತ್ತೇನೆ. ಹಡಗಿನ ತಳದಲ್ಲಿ ಸರಪಳಿ ಬಿಗಿದು ತಂದದ್ದು, ತಾಯಿಯನ್ನು ಒಬ್ಬನಿಗೆ ಮಗುವನ್ನು ಇನ್ನೊಬ್ಬನಿಗೆ ಮಾರಿದ್ದು, ಹತ್ತಿ ಹೊಲದಲ್ಲಿ ದುಡಿಸಿದ್ದು. ಹತ್ತಿ ಅಂದರೆ ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ, ರಜೆಯಲ್ಲಿ ಬಿಡಿಸಿ ಬಿಡಿಸಿ ಬೆರಳು ಸೀಳಿಸಿಕೊಂಡವರು. ಆಮೇಲೆ ಯುದ್ಧವಾಗಿ, ಕಾನೂನು ಬಂದು, ಬಿಡುಗಡೆಯಾಯಿತು ಅನ್ನುತ್ತೇನೆ. ಬಿಡುಗಡೆಯಾದ ಮೇಲೂ ಸುಮಾರು ನೂರು ವರ್ಷ ಬಸ್ಸಿನಲ್ಲಿ ಬೇರೆ ಸೀಟು, ಬೇರೆ ಶಾಲೆ, ಬೇರೆ ನಲ್ಲಿ. ಸ್ಮಾರ್ಟ್ ಕ್ಲಾಸಿನ ಟಿವಿಯಲ್ಲಿ ಎರಡು ನಲ್ಲಿಗಳ ಫೋಟೊ ಹಾಕುತ್ತೇನೆ. ಒಂದರ ಮೇಲೆ ಬಿಳಿಯರಿಗೆ ಅಂತ ಬೋರ್ಡು, ಇನ್ನೊಂದರ ಮೇಲೆ ಕರಿಯರಿಗೆ ಅಂತ. ಆ ಫೋಟೊ ಬಂದ ಕೂಡಲೇ ಕ್ಲಾಸು ಗಪ್‌ಚುಪ್ಪಾಗುತ್ತದೆ, ನನಗೆ ಒಳಗೊಳಗೇ ಜಂಬ.

ಕೊನೆಗೆ ನಮ್ಮಪ್ಪನ ಕತೆ ಹೇಳುತ್ತೇನೆ. ನಮ್ಮದು ಕ್ಷೌರದ ಮನೆತನ. ಅಪ್ಪ ಊರ ದೊಡ್ಡವರ ಮನೆಗೆ ಹೋದರೆ ಹಿತ್ತಲಲ್ಲೇ ಕೆಲಸ, ಪಡಸಾಲೆಗೆ ಕಾಲಿಡುವ ಹಾಗಿರಲಿಲ್ಲ. ಬೆಳಗ್ಗೆ ಎದುರಿಗೆ ಬಂದರೆ ಅಪಶಕುನ ಅಂತ ಮುಖ ತಿರುಗಿಸುತ್ತಿದ್ದರು. ಇದನ್ನು ಹೇಳುವಾಗ ಟಿವಿ ಆಫ್ ಮಾಡಿಬಿಡುತ್ತೇನೆ, ಅದು ನಾಟಕವಲ್ಲ. ಈ ಪಾಠದಲ್ಲಿ ನಾನು ಯಾವ ಕಡೆಯವನು ಅನ್ನುವುದರ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಕಳೆದ ವರ್ಷ ತಾಲ್ಲೂಕು ಮಟ್ಟದ ವಸ್ತುಪ್ರದರ್ಶನಕ್ಕೆ ನಮ್ಮ ಶಾಲೆಯಿಂದ ಒಂದು ಚಾರ್ಟ್ ಕಳಿಸಬೇಕಿತ್ತು. ನಾನು ಇದೇ ವಿಷಯ ಕೊಟ್ಟೆ. ಸ್ಥಳೀಯ ಉದಾಹರಣೆ ಸೇರಿಸಿದವರಿಗೆ ಐದು ಅಂಕ ಹೆಚ್ಚು ಅಂತಲೂ ಹೇಳಿದೆ. ಮೇಷ್ಟ್ರುಗಳ ಚಾಳಿ ಅದು, ಏನು ಕೊಟ್ಟರೂ ಅದರ ಬಾಲಕ್ಕೆ ಒಂದು ಸ್ಥಳೀಯ ಉದಾಹರಣೆ ಕಟ್ಟುವುದು. ಮಕ್ಕಳು ನಮ್ಮಪ್ಪನ ಹಿತ್ತಲನ್ನೇ ಬರೆದುಕೊಂಡು ಬರುತ್ತಾರೆ ಅಂತ ನನ್ನ ಅಂದಾಜು.

ಸೋಮವಾರ ಬೆಳಗ್ಗೆ ಹತ್ತನೆಯ ತರಗತಿಯ ಒಬ್ಬ ಹುಡುಗಿ ಚಾರ್ಟ್ ತಂದಳು. ದಲಿತ ಕೇರಿಯವಳು. ಅವಳ ಅಪ್ಪನೂ ನಾನೂ ಪ್ರೈಮರಿಯಲ್ಲಿ ಒಂದೇ ಕ್ಲಾಸು. ಪಾಠ ಮಾಡುವಾಗ ಕಾನೂನು ಬಂದ ಮೇಲೂ ನೂರು ವರ್ಷ ಯಾಕೆ ಹಿಡಿಯಿತು ಅಂತ ಎದ್ದು ನಿಂತು ಕೇಳಿದವಳು ಇವಳೊಬ್ಬಳೇ. ಕಾನೂನು ಕಾಗದದಲ್ಲಿ ಬದಲಾಗುತ್ತದೆ, ಜನರ ರೂಢಿ ಅಷ್ಟು ಬೇಗ ಬದಲಾಗುವುದಿಲ್ಲ ಅಂತ ಏನೋ ಹೇಳಿ ಕೂರಿಸಿದ್ದೆ. ಚಾರ್ಟ್ ಬಿಚ್ಚಿ ಟೇಬಲ್ಲಿನ ಮೇಲೆ ಹಾಸಿದಳು. ಎಡಗಡೆ ಎರಡು ನಲ್ಲಿ, ಬೋರ್ಡು ಸಮೇತ. ಬಲಗಡೆ ಕಟಿಂಗ್ ಶಾಪಿನ ಕುರ್ಚಿ, ಅದರ ಮೇಲೆ ಒಂದು ಕೆಂಪು ಟವೆಲ್. ಕೆಳಗೆ ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: ಅಮೆರಿಕದಲ್ಲಿ ಬೋರ್ಡು ಇತ್ತು. ನಮ್ಮೂರಿನಲ್ಲಿ ಬೋರ್ಡು ಬೇಕಾಗಿಲ್ಲ.

ಆ ಕುರ್ಚಿ ನಮ್ಮಣ್ಣನದು.

ಊರಿಗೆಲ್ಲ ಇರುವುದು ಒಂದೇ ಕಟಿಂಗ್ ಶಾಪು. ಅಪ್ಪ ಹೋದ ಮೇಲೆ ಅಣ್ಣ ಬಸ್ ಸ್ಟಾಪಿನ ಹತ್ತಿರ ಹಾಕಿದ್ದು. ಕೇರಿಯ ಗಂಡಸರು ಆ ದಾರಿಯಲ್ಲಿ ಬರುವುದು ಕಂಡರೆ ಅಣ್ಣ ಖಾಲಿ ಕುರ್ಚಿಯ ಮೇಲೆ ಟವೆಲ್ ಹಾಕುತ್ತಾನೆ. ಅಂದರೆ ಅಲ್ಲಿ ಕೂತವರು ಯಾರೋ ಚಾ ಕುಡಿಯಲು ಎದ್ದು ಹೋಗಿದ್ದಾರೆ ಅಂತ ಅರ್ಥ. ಚಾ ಕುಡಿಯಲು ಹೋದವನು ಎಂದೂ ವಾಪಸು ಬರುವುದಿಲ್ಲ. ಕೇರಿಯವರೂ ಕೇಳುವುದಿಲ್ಲ. ಟವೆಲ್ ನೋಡಿ ಸುಮ್ಮನೆ ಬಸ್ಸು ಹತ್ತಿ ಹಗರಿಬೊಮ್ಮನಹಳ್ಳಿಗೆ ಹೋಗಿ ಕಟಿಂಗ್ ಮಾಡಿಸಿಕೊಂಡು ಬರುತ್ತಾರೆ. ಅಲ್ಲಿ ಯಾವ ಊರು ಅಂತ ಕೇಳುತ್ತಾರೆ, ಯಾವ ಓಣಿ ಅಂತ ಕೇಳುವುದಿಲ್ಲ. ಯಾರೂ ಯಾರಿಗೂ ಒಂದು ಕೆಟ್ಟ ಮಾತು ಆಡದೆ ಇಷ್ಟೂ ನಡೆದುಕೊಂಡು ಹೋಗುತ್ತದೆ.

ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಪ್ರತಿ ಭಾನುವಾರ ಅದೇ ಅಂಗಡಿಯ ಬೆಂಚಿನ ಮೇಲೆ ಕೂತು ಪೇಪರ್ ಓದುತ್ತೇನೆ. ಆದರೆ ಅಮೆರಿಕದ ಪಾಠ ಮಾಡುವಾಗ ಆ ಟವೆಲ್ ಒಂದು ಸಲವೂ ಕಣ್ಣ ಮುಂದೆ ಬಂದಿರಲಿಲ್ಲ. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯ ನೊಣ ತೋರಿಸಿದ ಅನ್ನುತ್ತಾರಲ್ಲ, ಆ ಮಹಾನುಭಾವ ನಾನೇ.

ಹುಡುಗಿಗೆ ಚೆನ್ನಾಗಿದೆ, ನೋಡೋಣ ಅಂದು ಚಾರ್ಟ್ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಪ್ರದರ್ಶನ ಇದ್ದದ್ದು ಗುರುವಾರ. ನಡುವೆ ಎರಡೇ ದಿನ. ಚಾರ್ಟಿನ ಮೇಲೆ ನಮ್ಮ ಶಾಲೆಯ ಹೆಸರಿರುತ್ತದೆ, ಯಾರೋ ಫೋಟೊ ತೆಗೆದು ವಾಟ್ಸಾಪಿಗೆ ಬಿಡುತ್ತಾರೆ, ಮಧ್ಯಾಹ್ನದೊಳಗೆ ಊರಿಗೆ ಮುಟ್ಟುತ್ತದೆ. ಕೇಸಾದರೆ ಅಣ್ಣ ಒಳಗೆ ಹೋಗುತ್ತಾನೆ. ಅವನಿಗೆ ಶುಗರ್ ಬೇರೆ. ಕೇಸಾಗದಿದ್ದರೆ ಊರವರು ಹುಡುಗಿಯ ಮನೆಯವರನ್ನು ಬಿಡುವುದಿಲ್ಲ. ಅವಳ ಅಪ್ಪ ದೊಡ್ಡವರೊಬ್ಬರ ಹೊಲವನ್ನು ಪಾಲಿಗೆ ಮಾಡುತ್ತಾನೆ, ನಾಳೆಯಿಂದ ಬರಬೇಡ ಅಂದರೆ ಮುಗಿಯಿತು. ಗಿರಣಿಯಲ್ಲಿ ಅವರ ಜೋಳ ಬೀಸುವುದಿಲ್ಲ ಅಂದರೂ ಅನ್ನಬಹುದು. ಇವೆಲ್ಲವನ್ನೂ ಯೋಚಿಸಿದೆ. ಆದರೆ ನಿಜ ಹೇಳುತ್ತೇನೆ, ಎಲ್ಲಕ್ಕಿಂತ ಮೊದಲು ತಲೆಗೆ ಬಂದದ್ದು ಬೇರೆಯೇ. ಆ ಅಂಗಡಿ ಆ ಮೇಷ್ಟ್ರ ಅಣ್ಣನದಂತೆ ಅಂತ ತಾಲ್ಲೂಕಿನ ಮೇಷ್ಟ್ರುಗಳೆಲ್ಲ ಕಿಸಕ್ಕೆಂದು ನಗುವುದು.

ಸಂಜೆ ಅಣ್ಣನ ಅಂಗಡಿಗೆ ಹೋದೆ. ಗಿರಾಕಿ ಇರಲಿಲ್ಲ, ಕೂದಲು ಗುಡಿಸುತ್ತಿದ್ದ. ಟವೆಲ್ ಹಾಕುವುದನ್ನು ಬಿಡು ಅಂದೆ. ಯಾಕೆ ಅಂದ. ಚಾರ್ಟಿನ ವಿಷಯ ಹೇಳಿದೆ. ಅವನು ಕಸಬರಿಗೆ ಗೋಡೆಗೆ ಒರಗಿಸಿ ಬೆಂಚಿನ ಮೇಲೆ ಕೂತ. ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ, ಆಗಲಿಲ್ಲ. ಅಂಗಡಿ ಹಾಕಿದ ಹೊಸದರಲ್ಲಿ ಒಂದು ದಿನ ಬೆಳಕು ಹರಿಯುವ ಮೊದಲೇ ಶಟರ್ ಅರ್ಧ ಎಳೆದುಕೊಂಡು ಕೇರಿಯ ಒಬ್ಬರಿಗೆ ಕಟಿಂಗ್ ಮಾಡಿದ್ದನಂತೆ. ಅವರ ಮಗಳ ಮದುವೆ ಇತ್ತಂತೆ. ಮಧ್ಯಾಹ್ನಕ್ಕೆ ಊರಿಗೆಲ್ಲ ಗೊತ್ತಾಗಿ, ಒಂದೂವರೆ ತಿಂಗಳು ಒಬ್ಬನೂ ಕುರ್ಚಿ ಮುಟ್ಟಲಿಲ್ಲವಂತೆ. ಇದನ್ನು ಅವನು ನನಗೆ ಅಲ್ಲಿಯವರೆಗೆ ಹೇಳಿರಲಿಲ್ಲ.

"ನಾ ಏನ್ ಅವ್ರು ಬ್ಯಾಡ ಅಂತೀನೇನಲೇ? ಅವ್ರ ತಲಿಗಿ ಕೈ ಹಚ್ಚಿದ್ರ ಉಳಿದೋರು ನನ್ನ ಕುರ್ಚ್ಯಾಗ ಕುಂದ್ರಂಗಿಲ್ಲ. ನೀ ಬಿ.ಎಡ್. ಮುಗಿಸಿದ್ದು ಇದ ಕುರ್ಚಿಯಿಂದ, ಮರಿಬ್ಯಾಡ."

ಅಮೆರಿಕದ ಪಾಠದಲ್ಲಿ ನಾನು ಇದನ್ನೂ ಹೇಳುತ್ತೇನೆ. ಅಲ್ಲಿನ ಹೋಟೆಲಿನವರು, ಅಂಗಡಿಯವರು ಇದೇ ಮಾತು ಆಡುತ್ತಿದ್ದರು, ನನಗೇನೂ ಇಲ್ಲಪ್ಪ, ಗಿರಾಕಿಗಳು ಬಿಟ್ಟು ಹೋಗುತ್ತಾರೆ ಅಂತ. ಹಾಗೆ ಒಬ್ಬರ ಮೇಲೊಬ್ಬರು ಹಾಕಿಕೊಂಡು ಹೋಗಿದ್ದರಿಂದಲೇ ಅದು ಅಷ್ಟು ವರ್ಷ ಬಾಳಿತು ಅಂತ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದೇನೆ. ಕ್ಲಾಸಿನಲ್ಲಿ ಅದು ನೆವ. ಅಣ್ಣನ ಬಾಯಲ್ಲಿ ಕೇಳಿದಾಗ ಕಾರಣ ಅನ್ನಿಸಿತು.

"ಆ ಹುಡುಗಿಗಿ ಹೇಳಿ ತೆಗಸು," ಅಂದ ಅಣ್ಣ. "ಮೇಷ್ಟ್ರು ಹೇಳಿದ್ರ ಕೇಳ್ತಾಳ."

ಮರುದಿನ ಇಂಟರ್‌ವಲ್‌ನಲ್ಲಿ ಅವಳನ್ನು ವರಾಂಡಕ್ಕೆ ಕರೆದೆ. ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದೆ. ವಿಷಯ ಅಮೆರಿಕ, ಬಲಗಡೆಯ ಚಿತ್ರ ವಿಷಯ ಬಿಟ್ಟು ಹೊರಗೆ ಹೋಗುತ್ತದೆ, ತೀರ್ಪುಗಾರರು ಅಂಕ ಕಳೆಯುತ್ತಾರೆ, ಆ ಜಾಗದಲ್ಲಿ ಈಗಿನ ಅಮೆರಿಕದ ಸ್ಥಿತಿ ಬರೆ ಅಂದೆ. ಬೇಕಾದರೆ ಮಾಹಿತಿ ನಾನೇ ಕೊಡುತ್ತೇನೆ ಅಂದೆ. ಅವಳು ಜಡೆಯ ರಿಬ್ಬನ್ ತಿರುವುತ್ತಾ ಕೇಳಿಸಿಕೊಂಡಳು.

"ಸ್ಥಳೀಯ ಉದಾಹರಣಿಗೆ ಐದು ಅಂಕ ಅಂದಿದ್ರಲ್ರಿ ಸರ್."

ಆ ಐದು ಅಂಕ ಹೇಗೂ ಹಾಕುತ್ತೇನೆ ಅಂದೆ. ಅಯ್ಯೋ ನನ್ನ ಬಾಯಿಗೆ ಮಣ್ಣು ಬೀಳ, ಹಾಗೇ ಅಂದೆ. ಅವಳು ತಿರುವುತ್ತಿದ್ದ ರಿಬ್ಬನ್ ಕೈಬಿಟ್ಟಳು.

"ಸರ್ ತೆಗಿ ಅಂತಾರ ನೋಡು ಅಂದಿದ್ದ ನಮ್ಮಪ್ಪ," ಅಂದಳು. "ಆತ್ರಿ ಸರ್, ತೆಗಿತೀನಿ."

ಒಂದೇ ಬೆಂಚಿನಲ್ಲಿ ಕೂತು ಮಗ್ಗಿ ಹೇಳಿದವನು ನನ್ನನ್ನು ಇಷ್ಟು ಸರಿಯಾಗಿ ತೂಗಿಟ್ಟಿದ್ದ. ನಾಚಿಕೆಯಾಯಿತು. ಆದರೆ ಚಾರ್ಟ್ ವಾಪಸು ಕೊಡುವಾಗ ಬಲಗಡೆಗೂ ಕೆಳಗಿನ ಸಾಲಿಗೂ ದಪ್ಪ ಹಾಳೆ ಅಂಟಿಸು, ಅಡಿಯದು ಕಾಣಬಾರದು ಅಂತ ಹೇಳುವುದನ್ನು ಮರೆಯಲಿಲ್ಲ.

ಗುರುವಾರ ಹಿಂದಿ ಮೇಡಂ, ನಾನು, ಆ ಹುಡುಗಿ ಮೂವರೂ ಹಗರಿಬೊಮ್ಮನಹಳ್ಳಿಗೆ ಹೋದೆವು. ಬಲಗಡೆಯ ಹೊಸ ಹಾಳೆಯಲ್ಲಿ ಅವಳು ಎಷ್ಟು ಚೆನ್ನಾಗಿ ಬರೆದಿದ್ದಳೆಂದರೆ, ನಾನು ಕೊಟ್ಟ ಮಾಹಿತಿಗಿಂತ ಮುಂದೆ ಹೋಗಿದ್ದಳು. ಬೋರ್ಡುಗಳು ಹೋದವು, ಆದರೆ ಕರಿಯರು ಇಂಥ ಕಡೆಯೇ ಇರಬೇಕು ಅಂತ ತಳ್ಳಿದ ಬಡಾವಣೆಗಳು ಈಗಲೂ ಬಡತನದಲ್ಲೇ ಇವೆ, ಅಲ್ಲಿನ ಶಾಲೆಗಳು ಸೊರಗಿವೆ, ಪೊಲೀಸರು ಮೊದಲು ಅವರನ್ನೇ ತಡೆಯುತ್ತಾರೆ ಅಂತ. ನನಗೆ ಆಗ ಅದನ್ನು ಓದುವ ವ್ಯವಧಾನವೇ ಇರಲಿಲ್ಲ, ಓದಿದ್ದು ಆಮೇಲೆ. ಬಿಸಿಲು ಕಿಟಕಿಯಿಂದ ನೇರ ಚಾರ್ಟಿನ ಮೇಲೆ ಬೀಳುತ್ತಿತ್ತು. ಆ ಹಾಳೆಯ ಅಡಿಯಿಂದ ಕೆಂಪು ಬಣ್ಣ ಕಾಣುತ್ತದೇನೋ ಅಂತ ಮೂರು ಸಲ ಹೋಗಿ ನೋಡಿದೆ. ನಮ್ಮೂರಿನ ಕಡೆಯವರು ಯಾರು ಬಂದರೂ ಚಾರ್ಟಿಗೆ ಅಡ್ಡ ನಿಲ್ಲುತ್ತಿದ್ದೆ.

ಹನ್ನೆರಡರ ಹೊತ್ತಿಗೆ ತೀರ್ಪುಗಾರರು ಬಂದರು. ಕೊಟ್ಟೂರಿನ ಕಡೆಯ ಒಬ್ಬ ನಿವೃತ್ತ ಉಪನ್ಯಾಸಕರು, ಕನ್ನಡಕ ಮೂಗಿನ ತುದಿಗಿಟ್ಟುಕೊಂಡು ಪ್ರತಿ ಸಾಲೂ ಓದುವವರು. ಕಾನೂನು ಬಂದು ಇಷ್ಟು ವರ್ಷವಾದರೂ ಪರಿಣಾಮ ಯಾಕೆ ಉಳಿದಿದೆ ಅಂತ ಕೇಳಿದರು. ಅವಳು ತಡವರಿಸಲಿಲ್ಲ. ಅಜ್ಜನಿಗೆ ಮನೆ ಕೊಳ್ಳಲು ಬಿಡಲಿಲ್ಲ, ಅದಕ್ಕೆ ಅಪ್ಪನಿಗೆ ಮನೆ ಬರಲಿಲ್ಲ, ಅಜ್ಜನನ್ನು ಒಳ್ಳೆಯ ಶಾಲೆಗೆ ಬಿಡಲಿಲ್ಲ, ಅದಕ್ಕೆ ಅಪ್ಪನಿಗೆ ಮನೆಯಲ್ಲಿ ಹೇಳಿಕೊಡುವವರಿರಲಿಲ್ಲ, ಕಾನೂನು ಬಾಗಿಲು ತೆಗೆಯಿತು, ಹಿಂದೆ ಕಳೆದದ್ದನ್ನು ತಂದುಕೊಡಲಿಲ್ಲ ಅಂದಳು. ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. ನನಗೂ ಒಂದು ಗಳಿಗೆ ಎಲ್ಲ ಮರೆತು ಹೆಮ್ಮೆಯಾಯಿತು.

ಆಗ ಅವರು ಕೇಳಿದರು.

"ಇಂಥಾದ್ದು ನಿಮ್ಮೂರಾಗ ಎಲ್ಲೆರ ನೋಡೀಯೇನವ್ವ?"

ಹಾಳೆ ಅಂಟಿಸಲು ಹೇಳಿದ್ದೆ, ಬಾಯಿಗೆ ಏನೂ ಹೇಳಿರಲಿಲ್ಲ. ಅವಳು ತೀರ್ಪುಗಾರರನ್ನು ಬಿಟ್ಟು ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕೇಳುತ್ತಿದ್ದಳು ಅಷ್ಟೇ. ಹೇಳಲಾ ಸರ್, ಬೇಡವಾ, ಅಂತ. ನಾನು ಹೂಂ ಅಂತ ಒಂದು ಸಲ ತಲೆ ಆಡಿಸಿದ್ದರೆ ಸಾಕಿತ್ತು. ನಾನು ನೆಲ ನೋಡಿದೆ.

"ಇಲ್ರಿ ಸರ್," ಅಂದಳು. "ನಮ್ಮೂರಾಗ ಹಂಥಾದ್ದೇನಿಲ್ರಿ. ಅದು ಅಮೆರಿಕಾದಾಗ."

ಅವರು ಸಂತೋಷದಿಂದ ಅವಳ ಬೆನ್ನು ತಟ್ಟಿ, ನಮ್ಮ ಹಳ್ಳಿಗಳು ಎಷ್ಟೋ ವಾಸಿ ಅಂತ ನನಗೆ ಹೇಳಿ ಮುಂದಿನ ಟೇಬಲ್ಲಿಗೆ ಹೋದರು. ನನ್ನ ಎದೆಯ ಭಾರ ಒಮ್ಮೆಲೇ ಇಳಿಯಿತು. ಹಾಯ್ ಅನ್ನಿಸಿತು. ಆ ಹಾಯೆನಿಸಿದ್ದೇ ಇವತ್ತಿಗೂ ನನ್ನನ್ನು ಸುಡುತ್ತದೆ.

ಅವಳಿಗೆ ಮೊದಲ ಬಹುಮಾನ ಬಂತು. ವಾಪಸು ಬರುವಾಗ ಬಸ್ಸಿನಲ್ಲಿ ಹಿಂದಿ ಮೇಡಂ ತೂಕಡಿಸುತ್ತಿದ್ದರು, ಹುಡುಗಿ ಅವರ ಪಕ್ಕದಲ್ಲಿ ಪ್ರಮಾಣಪತ್ರ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಏನಾದರೂ ಆಡಬೇಕಿತ್ತು. ತಪ್ಪಾಯಿತು ಅನ್ನಬಹುದಿತ್ತು. ಮುಂದಕ್ಕೆ ಬಾಗಿ ಹೇಳಿದೆ.

"ಚಲೋ ಉತ್ತರ ಕೊಟ್ಟಿ ಅವ್ವ."

ಅವಳು ತಿರುಗಿ ನೋಡಿದಳು. ಕುಹಕವಿಲ್ಲ, ನೋವೂ ತೋರಿಸಲಿಲ್ಲ. ಮಗ್ಗಿ ಒಪ್ಪಿಸುವಾಗ ಮಕ್ಕಳು ಮೇಷ್ಟ್ರನ್ನು ನೋಡುವ ಹಾಗೆ ನೋಡಿದಳು.

"ನೀವು ಕಲಿಸಿದಂಗ ಹೇಳೀನ್ರಿ ಸರ್," ಅಂದಳು.

ನಾನು ಹೂಂ ಅಂದೆ.