ಮೂರನೇ ತುಂಡು

ಪುಸ್ತಕಕ್ಕೆ ಬ್ಲೇಡು ಹಾಕಲು ಮಹಜಬೀನ್ ಹಿಂದೆ ಮುಂದೆ ನೋಡುವವಳಲ್ಲ. ರಟ್ಟು ಬಿಚ್ಚಿ, ಬೆನ್ನಿನ ಅಂಟು ಕೆರೆದು, ಹೊಲಿಗೆಯ ದಾರ ಎಲ್ಲಿ ಮುಗಿಯುತ್ತದೆ ಎಂದು ನೋಡಿ, ದಪ್ಪ ಕಾದಂಬರಿಯೊಂದನ್ನು ನಾಲ್ಕು ಭಾಗ ಮಾಡುತ್ತಾಳೆ. ಪ್ರತಿ ಭಾಗಕ್ಕೂ ಹಳೆಯ ಕ್ಯಾಲೆಂಡರಿನ ಹಾಳೆ ಹೊದಿಸಿ, ಮೈದಾ ಅಂಟು ಬಳಿದು, ಭಾರದ ಕೆಳಗಿಟ್ಟು ಒಣಗಿಸುತ್ತಾಳೆ. ಮನೆಯವರು ಇವುಗಳನ್ನು ತುಂಡುಗಳೆಂದೇ ಕರೆಯುತ್ತಾರೆ. ರಜೆ ಮುಗಿದ ಮೇಲೆ ನಾಲ್ಕನ್ನೂ ಸೇರಿಸಿ ಹೊಲಿದು, ಮೊದಲಿಗಿಂತ ಗಟ್ಟಿಯಾದ ರಟ್ಟು ಹಾಕುತ್ತಾಳೆ. ಶಿರಾದ ಪೇಟೆಯಲ್ಲಿ ಅವಳ ತಂದೆ ಗುಲಾಮ್ ಮೊಹಿದ್ದೀನ್ ಬೈಂಡಿಂಗ್ ಅಂಗಡಿ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅದನ್ನು ಅವಳೇ ನಡೆಸುತ್ತಾಳೆ. ವಯಸ್ಸು ಐವತ್ತು ದಾಟಿದೆ, ಮದುವೆಯಾಗಿಲ್ಲ. ಅಂಗಡಿಯ ಹಿಂದಿನ ಎರಡು ಕೋಣೆಯೇ ಮನೆ.

ಪುಸ್ತಕ ಕತ್ತರಿಸುವ ಪದ್ಧತಿ ತಂದೆಯದು. ಅವರ ಕುಟುಂಬಕ್ಕೆ ರಜೆ ಎಂದರೆ ಮಾವಿನ ತೋಪು. ಮಧುಗಿರಿಯಿಂದ ಕೊರಟಗೆರೆ ಕಡೆಗೆ ಹೋಗುವ ದಾರಿಯಲ್ಲಿ ಗಂಗಹನುಮಯ್ಯನ ತೋಪಿನ ಫಸಲನ್ನು ಮಹಜಬೀನಳ ಸೋದರಮಾವ ಹೂವಿನಲ್ಲೇ ಗುತ್ತಿಗೆಗೆ ಹಿಡಿಯುತ್ತಿದ್ದರು. ಹಿಡಿದ ಮೇಲೆ ಕಾಯಬೇಕು; ಕೋತಿ, ಗಿಳಿ, ದಾರಿಹೋಕರು ಎಲ್ಲರಿಂದಲೂ. ಹಾಗಾಗಿ ಏಪ್ರಿಲಿನಲ್ಲಿ ಶಾಲೆ ಮುಗಿದ ಕೂಡಲೇ ಗುಲಾಮ್ ಮೊಹಿದ್ದೀನ್ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು ತೋಪಿನ ಗುಡಿಸಲಲ್ಲಿ ಇಳಿಯುತ್ತಿದ್ದರು. ಜೊತೆಗೆ ಒಂದೇ ಒಂದು ಕನ್ನಡ ಪುಸ್ತಕ. ಓದುವವರು ನಾಲ್ವರು: ಮಹಜಬೀನ್, ತಮ್ಮ ಅಸ್ಲಂ, ತಂಗಿ ಅತಿಯಾ, ಕೊನೆಗೆ ತಂದೆ. ಒಬ್ಬರು ಮುಗಿಸುವವರೆಗೆ ಮೂವರು ಕಾಯುವುದು ಏಕೆ ಎಂದು ಅವರೇ ಪುಸ್ತಕವನ್ನು ತುಂಡು ಮಾಡಿದರು. ತಾಯಿ ಜಹೀದಾಗೆ ಕನ್ನಡ ಓದಲು ಬರುತ್ತಿರಲಿಲ್ಲ. ಆಕೆ ಒಲೆಯ ಮುಂದೆ ಕುಳಿತು ಇವರ ಜಗಳ ಕೇಳುತ್ತಿದ್ದಳು.

ಜಗಳವೆಂದರೆ ಪುಸ್ತಕದ ಜಗಳ. ಅದಕ್ಕೂ ಒಂದು ನಿಯಮವಿತ್ತು. ಮುಂದೆ ಓದಿದವರು ಕೊನೆಯವರು ಮುಗಿಸುವವರೆಗೆ ಬಾಯಿ ಬಿಡಬಾರದು. ಮಹಜಬೀನ್ ಎಲ್ಲರಿಗಿಂತ ಬೇಗ ಓದುವವಳಾದ್ದರಿಂದ ಯಾವಾಗಲೂ ಅವಳೇ ಮೊದಲು. ಅವಳಿಗೆ ಎಲ್ಲ ಗೊತ್ತಿರುತ್ತಿತ್ತು, ಹೇಳುವ ಹಾಗಿರಲಿಲ್ಲ. ಓದುವವರಿಗೆ ಜೊತೆ ಬೇಕಿಲ್ಲ ಎನ್ನುವುದು ಓದದವರ ಮಾತು. ಅವಳು ದಿನಗಟ್ಟಲೆ ಮರದ ಕೆಳಗೆ ಕುಳಿತು ತಮ್ಮ ತಂಗಿಯರ ಮುಖ ನೋಡುತ್ತಿದ್ದಳು. ಈಗ ಕಥೆಯಲ್ಲಿ ಎಲ್ಲಿಗೆ ಬಂದಿರಬಹುದು, ಆ ಮದುವೆ ಮುರಿಯಿತೋ ಇಲ್ಲವೋ ಎಂದು. ತಂದೆ ಕೊನೆಯ ತುಂಡು ಮುಗಿಸಿ ಕನ್ನಡಕ ತೆಗೆದ ಸಂಜೆ ಎಲ್ಲರ ಬಾಯಿಯೂ ಒಟ್ಟಿಗೆ ತೆರೆಯುತ್ತಿತ್ತು. ಮನೆಯಲ್ಲಿ ಉರ್ದು ಆಡುವವರು ಈ ಜಗಳವನ್ನು ಮಾತ್ರ ಕನ್ನಡದಲ್ಲಿ ಆಡುತ್ತಿದ್ದರು, ಪುಸ್ತಕ ಕನ್ನಡದ್ದು ಎಂಬ ಕಾರಣಕ್ಕೆ. ಗಂಗಹನುಮಯ್ಯನೂ ಬಂದು ಕೂರುತ್ತಿದ್ದ. ಮಹಜಬೀನಳ ರಜೆ ನಿಜವಾಗಿ ಅದೊಂದೇ ಸಂಜೆ.

ತಾಯಿ ತೀರಿಕೊಂಡಳು. ಅಸ್ಲಂ ಕೊರಟಗೆರೆಯಲ್ಲಿ ಹಣ್ಣಿನ ವ್ಯಾಪಾರಕ್ಕೆ ನಿಂತು, ಸೋದರಮಾವನ ನಂತರ ಅದೇ ತೋಪನ್ನು ಹಿಡಿಯತೊಡಗಿದ. ಅತಿಯಾಳನ್ನು ಆಂಧ್ರದ ಗಡಿಯ ವೈ.ಎನ್. ಹೊಸಕೋಟೆಯ ಬಟ್ಟೆ ಅಂಗಡಿಯವರಿಗೆ ಕೊಟ್ಟರು. ವಯಸ್ಸಾದ ತಂದೆಯನ್ನು ನೋಡಿಕೊಳ್ಳುವ ಕೆಲಸ, ಯಾರೂ ಕೇಳದೆ ಯಾರೂ ಹೇಳದೆ, ಮಹಜಬೀನಳ ಪಾಲಿಗೆ ಬಂತು. ಆದರೂ ಮೇ ತಿಂಗಳಲ್ಲಿ ನಾಲ್ವರೂ ತೋಪಿನಲ್ಲಿ ಸೇರುವುದು ತಪ್ಪಲಿಲ್ಲ. ತಂದೆ ತೀರಿಕೊಂಡ ವರ್ಷ ಮಾತ್ರ ಯಾರೂ ಹೋಗಲಿಲ್ಲ. ಅದರ ಮರುವರ್ಷ, ಬಕ್ರೀದಿಗೆ ಮುಂಚೆ ಒಂದು ವಾರ ಸೇರೋಣವೆಂದು ಅಸ್ಲಂ ಫೋನ್ ಮಾಡಿದ. ಮಹಜಬೀನ್ ತುಮಕೂರಿಗೆ ಹೋಗಿ ಪುಸ್ತಕ ಆರಿಸಿ ತಂದಳು. ದವಸದ ವ್ಯಾಪಾರಿಯೊಬ್ಬನ ಮನೆತನದ ಕಥೆ. ತಾಯಿಯಿಲ್ಲದ ಮನೆ, ದೊಡ್ಡ ಮಗಳು, ಇಬ್ಬರು ತಮ್ಮಂದಿರು. ಈ ಸಲ ಯಾರೂ ಕಾಯುವುದು ಬೇಡವೆಂದು ಶಿರಾದಲ್ಲೇ ಪೂರ್ತಿ ಓದಿ ಮುಗಿಸಿ, ಆಮೇಲೆ ಕತ್ತರಿಸಿದಳು.

ತೋಪಿಗೆ ಬಂದು ಚೀಲ ಬಿಚ್ಚಿದಾಗ ಮೂರು ತುಂಡುಗಳಿದ್ದವು. ಮೂರನೆಯದು ಇರಲಿಲ್ಲ. ಅದರ ಹೊದಿಕೆ ಸೊಟ್ಟಗಾಯಿತೆಂದು ಕಿತ್ತು ಮತ್ತೆ ಅಂಟಿಸಿದ್ದಳು. ಅದು ಅಂಗಡಿಯಲ್ಲಿ ಭಾರದ ಕೆಳಗೇ ಉಳಿದಿತ್ತು. ಶಿರಾ ಏನೂ ದೂರವಲ್ಲ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ತರಬಹುದಿತ್ತು. ಒಂದನೇ ತುಂಡನ್ನು ಅಸ್ಲಂ ಮುಗಿಸಿ, ಎರಡನೆಯದನ್ನೂ ಮುಗಿಸಿ, ಆಮೇಲೆ ಕೇಳುವ ಹೊತ್ತಿಗೆ ತಂದರಾಯಿತು ಎಂದುಕೊಂಡಳು.

"ಏನಮ್ಮ, ಈ ಸಲಾನೂ ಪುಸ್ತಕ ಹರ್ಕಂಡೇ ಬಂದ್ಯಾ?" ಎಂದು ಗಂಗಹನುಮಯ್ಯ ಕೇಳಿದ. ಮುದುಕನಿಗೆ ಈಗ ಕೋಲು ಬಂದಿತ್ತು, ನಾಲಿಗೆ ಹಾಗೇ ಇತ್ತು. "ಸರಸ್ವತಿ ಶಾಪ ಆಕ್ತಾಳೆ ಕಣಮ್ಮ."

"ಮತ್ತೆ ಹೊಲಿದು ಕೊಡ್ತೀನಲ್ಲ, ಅಜ್ಜ. ಅವಳಿಗೂ ಲೆಕ್ಕ ಸರಿಹೋಗುತ್ತೆ."

ಅಸ್ಲಂ ಒಂದನೇ ತುಂಡನ್ನು ಹಿಡಿದು ಹಗ್ಗದ ಮಂಚದ ಮೇಲೆ ಮಲಗಿದ. ಎದೆಯ ಮೇಲೆ ತುಂಡು, ಅದರ ಮೇಲೆ ಫೋನು. ಮರುದಿನ ಆ ತುಂಡು ಅತಿಯಾಳ ಕೈಯಲ್ಲಿತ್ತು, ಎರಡನೆಯದು ಅಸ್ಲಂನ ತಲೆದಿಂಬಿನ ಪಕ್ಕ. ಹಾಗೆ ಕೈಯಿಂದ ಕೈಗೆ ಹೋಗುವುದನ್ನು ಮಹಜಬೀನ್ ಮಾವಿನಕಾಯಿ ವಿಂಗಡಿಸುತ್ತ ನೋಡುತ್ತಿದ್ದಳು. ಆ ಸಂಜೆ ಅಸ್ಲಂ ಎದ್ದು ಬಂದು ಚೀಲದ ಬಳಿ ಕೂತ. ಈಗ ಕೇಳುತ್ತಾನೆ ಎಂದು ಅವಳು ಕೈ ಒರೆಸಿಕೊಂಡಳು. ಯಾವ ಬಸ್ಸು ಎಷ್ಟು ಹೊತ್ತಿಗೆ ಎಂದೂ ವಿಚಾರಿಸಿಟ್ಟಿದ್ದಳು.

ಅವನು ನಾಲ್ಕನೇ ತುಂಡನ್ನು ತೆಗೆದುಕೊಂಡು ಹೊರಟ.

"ಹೆಂಗಿದೆ?" ಎಂದು ಕೇಳಿದಳು.

"ಫಸ್ಟ್ ಕ್ಲಾಸ್, ಆಪಾ. ಅಬ್ಬಾ ಇದ್ದಿದ್ದರೆ ಬಿಡ್ತಾನೇ ಇರಲಿಲ್ಲ."

ತಂಗಿಯಾದರೂ ಕೇಳಬಹುದು ಎಂದು ಕಾದಳು. ಅತಿಯಾ ಹೊಸಕೋಟೆಗೆ ಹೋದಮೇಲೆ ಅವಳ ಮಾತಿಗೆ ತೆಲುಗು ಸೇರಿಕೊಂಡಿದೆ. ಓದುವಾಗ ತುಟಿ ಆಡಿಸುವ ಅಭ್ಯಾಸ ಹಾಗೇ ಇದೆ. ತುಟಿ ಸ್ವಲ್ಪ ಹೊತ್ತು ಆಡುವುದು, ನಿಲ್ಲುವುದು, ಆಮೇಲೆ ಫೋನಿನಲ್ಲಿ ಅಂಗಡಿಯ ಹುಡುಗಿಗೆ ಸೀರೆಯ ಬಣ್ಣ ಹೇಳುವುದು. ಅವಳೂ ಎರಡರಿಂದ ನಾಲ್ಕಕ್ಕೆ ಹೋದಳು. ಹೊದಿಕೆಯ ಮೇಲೆ ಅಂಕಿ ದೊಡ್ಡದಾಗಿ ಬರೆದಿತ್ತು.

ಮಹಜಬೀನ್ ಬಾಯಿ ಬಿಡಲಿಲ್ಲ. ಯಾರಾದರೊಬ್ಬರು ಕೇಳಿದರೆ ಸಾಕಿತ್ತು. ಜಗಳದ ಸಂಜೆ ಇನ್ನು ಮುಂದೆಯೂ ಇರುತ್ತದೋ, ಅದು ತಂದೆಯೊಂದಿಗೇ ಮಣ್ಣಿಗೆ ಹೋಯಿತೋ ಎಂಬುದು ಆ ಒಂದು ಪ್ರಶ್ನೆಯ ಮೇಲೆ ನಿಂತಿತ್ತು. ಶಿರಾದ ಎರಡು ಕೋಣೆಯಲ್ಲಿ ಅವಳು ವರ್ಷವಿಡೀ ಓದುತ್ತಾಳೆ. ಅಂಗಡಿಗೆ ಬರುವವರು ಕಾಲೇಜಿನ ಪ್ರಾಜೆಕ್ಟು ರಟ್ಟು ಹಾಕಿಸಿಕೊಂಡು ಹೋಗುತ್ತಾರೆ. ಅದರೊಳಗೆ ಏನಿದೆ ಎಂಬುದು ಅವರಿಗೇ ಗೊತ್ತಿರುವುದಿಲ್ಲ.

ಕೊನೆಯ ದಿನ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಎಲ್ಲರೂ ಗುಡಿಸಲ ಮುಂದೆ ಕೂತರು. ಬಿಸಿಲು ಇಳಿದು ಮಧುಗಿರಿ ಬೆಟ್ಟದ ಬಂಡೆ ಕೆಂಪಾಗಿತ್ತು. ಗಂಗಹನುಮಯ್ಯ ಕೋಲೂರಿಕೊಂಡು ಬಂದು ತನ್ನ ಕಲ್ಲಿನ ಮೇಲೆ ಕುಳಿತ.

"ಶುರು ಮಾಡ್ರಪ್ಪ ಜಗಳವ. ಎರಡು ವರ್ಸದಿಂದ ಕೇಳಿಲ್ಲ."

"ನಾನೇ ಕೇಳ್ತೀನಿ," ಎಂದಳು ಮಹಜಬೀನ್. "ಮೂರನೇ ತುಂಡಲ್ಲಿ ಆ ದೊಡ್ಡ ಮಗಳು ಮಾಡಿದ್ದು ಸರೀನಾ?"

ಅಸ್ಲಂ ಅತಿಯಾಳನ್ನು ನೋಡಿದ. ಅತಿಯಾ ಬೆಟ್ಟವನ್ನು ನೋಡಿದಳು.

"ಸರಿಯೇ ಮತ್ತೆ," ಎಂದಳು ಅತಿಯಾ. "ಅಪ್ಪನ್ನ ಬಿಟ್ಟು ಎಲ್ಲಿಗೆ ಹೋಗ್ತಾಳೆ, ಪಾಪ?"

"ಎಲ್ಲಿ ಸರಿ?" ಎಂದ ಅಸ್ಲಂ, ಗಟ್ಟಿಯಾಗಿ. "ಅವಳಿಗೂ ಒಂದು ಜೀವ ಇಲ್ವಾ? ಮದುವೆ ಮಾಡ್ಕೋಬೇಕಿತ್ತು. ತಮ್ಮಂದಿರು ನೋಡ್ಕೊಳ್ತಿದ್ರು."

"ತಮ್ಮಂದಿರು ನೋಡ್ಕೊಳ್ಳೋದು ನಂಗೊತ್ತಿಲ್ವಾ, ಭಾಯ್? ಹಬ್ಬಕ್ಕೆ ಬಂದು ಬಿರಿಯಾನಿ ತಿಂದು ಹೋಗ್ತಾರೆ."

"ತಂಗಿಯರು ಏನು ಕಮ್ಮಿ? ಟಿಫಿನ್ ಡಬ್ಬ ಬೇರೆ ತುಂಬ್ಕೊಂಡು ಹೋಗ್ತಾರೆ."

"ಸರ್ಲೇ, ಸರ್ಲೇ. ಡಬ್ಬ ನಂದೇ, ತುಂಬಿದ್ದು ಆಪಾ."

ಗಂಗಹನುಮಯ್ಯ ನಕ್ಕು ನಕ್ಕು ಕೆಮ್ಮಿದ. ಜಗಳ ಹತ್ತಿಕೊಂಡಿತ್ತು. ಆ ಮಗಳು ಉಳಿದದ್ದು ತ್ಯಾಗವೆಂದು ಒಬ್ಬಳು, ಭಯವೆಂದು ಒಬ್ಬ. ಇಬ್ಬರೂ ಕೈ ಬೀಸಿ ಮಾತಾಡುತ್ತಿದ್ದರು. ಹಿಂದೆಲ್ಲ ಮಾತಾಡುತ್ತಿದ್ದದ್ದು ಹೀಗೆಯೇ. ಮಹಜಬೀನ್ ಅದು ಮುಗಿಯುವವರೆಗೆ ಕಾದಳು.

"ಅವಳು ಉಳಿಯೋದಿಲ್ಲ," ಎಂದಳು ಆಮೇಲೆ. "ಮೂರನೇ ತುಂಡು ಶಿರಾದಲ್ಲಿದೆ. ನಾನು ತಂದೇ ಇಲ್ಲ."

ಅಸ್ಲಂ ಗಡ್ಡ ಕೆರೆದುಕೊಂಡ. "ಪರೀಕ್ಷೆ ಇಟ್ಟಿದ್ಯಾ ಆಪಾ, ಈ ವಯಸ್ಸಲ್ಲಿ ನಮಗೆ?"

"ಮರೆತು ಬಂದೆ. ಕೇಳ್ತೀರಿ ಅಂತ ಕಾದೆ."

ಅತಿಯಾಳಿಗೆ ಕೋಪ ಬಂತು. "ನಾವು ಬಂದಿದ್ದು ನಿನ್ನ ನೋಡೋಕೆ, ಪುಸ್ತಕ ಓದೋಕಲ್ಲ. ನಿಂಗೆ ಬೇಜಾರಾಗಬಾರದು ಅಂತ ಕೈಯಲ್ಲಿ ಹಿಡ್ಕೊಂಡ್ವಿ. ಅದೂ ತಪ್ಪಾ?"

"ಮೊದಲೆಲ್ಲ ಓದ್ತಿದ್ರಲ್ಲ."

ಅಣ್ಣ ತಂಗಿ ಮತ್ತೆ ಒಬ್ಬರನ್ನೊಬ್ಬರು ನೋಡಿಕೊಂಡರು. ಉತ್ತರ ಬಂದದ್ದು ಕಲ್ಲಿನ ಮೇಲಿದ್ದವನಿಂದ.

"ಇವ್ರೆಲ್ಲಿ ಓದ್ತಿದ್ರು ಬುಡಮ್ಮ! ನಿಮ್ಮಪ್ಪ ಯೋಳೋನು. ಒತ್ತಾರೆ ನಮಾಜು ಮಾಡ್ಕಂಡು, ದೀಪ ಇಟ್ಕಂಡು ಅವ್ನು ಓದೋನು. ಬೆಳಕರದ ಮ್ಯಾಕೆ ಉದುರಿದ ಕಾಯಿ ಆಯಕ್ಕೆ ಈ ಎರಡ್ ಹುಡುಗ್ರನ್ನೂ ಆ ಮೂಲೆಗೆ ಕರ್ಕಂಡೋಗಿ, ಆಯ್ತಾ ಆಯ್ತಾ ಕತೆ ಯೋಳೋನು. ನಾನೂ ಕಾಯಿ ಆಯೋ ನೆಪದಾಗೆ ಓಗ್ತಿದ್ದೆ. ಏನ್ ಚೆಂದಾಗ್ ಯೋಳೋನು ಅಂತೀಯ! ನಿಂಗೆ ಗೊತ್ತಾಗ್ಬಾರ್ದು ಅಂತ ನನ್ ಕೈಲೂ ಭಾಷೆ ತಕ್ಕಂಡಿದ್ದ."

"ಅಜ್ಜ," ಎಂದ ಅಸ್ಲಂ.

"ಏನ್ಲಾ ಅಜ್ಜ? ಅವ್ನೇ ಸತ್ ಮ್ಯಾಕೆ ಇನ್ನೆಂಥ ಭಾಷೆ?"

ಆ ಮೂಲೆಯ ಕಾಯಿ ಆಯಲು ಮಹಜಬೀನಳನ್ನು ಒಂದು ದಿನವೂ ಕರೆದವರಿಲ್ಲ. ನೀನು ಓದಿಕೋ ಎಂದು ತಂದೆ ಅವಳನ್ನು ಬಿಟ್ಟು ಹೋಗುತ್ತಿದ್ದರು. ಅದನ್ನು ಅವಳು ಹಿರಿಯ ಮಗಳಿಗೆ ಸಿಕ್ಕ ಮರ್ಯಾದೆ ಎಂದು ತಿಳಿದಿದ್ದಳು. ಜಗಳದಲ್ಲಿ ಅಸ್ಲಂ ಹೇಳುತ್ತಿದ್ದ ಎಷ್ಟೋ ಸಂಗತಿಗಳು ಅವಳಿಗೆ ನೆನಪಿಗೇ ಬರುತ್ತಿರಲಿಲ್ಲ. ಶಿರಾಗೆ ಹೋಗಿ, ಹೊಲಿಯುವ ಮೊದಲು ಹಾಳೆ ಹಾಳೆ ತಿರುವಿ ಹುಡುಕಿದ್ದುಂಟು. ಸಿಗದಿದ್ದಾಗ ತಾನು ಸರಿಯಾಗಿ ಓದಿಲ್ಲವೆಂದು ಬೈದುಕೊಂಡದ್ದುಂಟು. ಓದುವವರು ನಾಲ್ವರು ಎಂಬ ಲೆಕ್ಕ ಎಂದೂ ನಿಜವಾಗಿರಲಿಲ್ಲ. ಇಬ್ಬರಿದ್ದರು, ಅವಳು ಮತ್ತು ತಂದೆ. ಆ ಇನ್ನೊಬ್ಬರೂ ಅವಳಿಗೆ ಹೇಳಬಹುದಾಗಿದ್ದುದನ್ನೆಲ್ಲ ಬೆಳಗಿನ ಹೊತ್ತಿಗೇ ಬೇರೆಯವರಿಗೆ ಹೇಳಿ ಮುಗಿಸಿರುತ್ತಿದ್ದರು.

ಅವಳು ಅಳಲಿಲ್ಲ. ಅಳುವ ಹೆಂಗಸಲ್ಲ. ಚೀಲದಿಂದ ಮೂರು ತುಂಡುಗಳನ್ನು ತೆಗೆದು, ಅಂಚು ಸರಿಮಾಡಿ, ಮತ್ತೆ ಒಳಗಿಟ್ಟಳು.

ಅತಿಯಾಳ ಕೋಪ ಇಳಿದಿತ್ತು. ಹತ್ತಿರ ಸರಿದು ಕೂತಳು. "ಹೇಳು ಆಪಾ. ಏನ್ಮಾಡ್ತಾಳೆ ಅವಳು?"

"ಓದಿ ತಿಳ್ಕೋ."

"ಇನ್ನೆಲ್ಲಿ ಓದ್ತೀನಿ, ನಾಳೆ ಬೆಳಿಗ್ಗೆ ಹೊರಡೋದು. ನೀನೇ ಹೇಳು. ಅಬ್ಬಾ ಹೇಳ್ತಿದ್ರಲ್ಲ, ಹಂಗೆ."

"ಹೂಂ ಆಪಾ, ಹೇಳು," ಎಂದ ಅಸ್ಲಂ. ಫೋನನ್ನು ಬೋರಲು ಹಾಕಿ ಪಕ್ಕಕ್ಕಿಟ್ಟ. ಗಂಗಹನುಮಯ್ಯ ಕೋಲಿನ ಮೇಲೆ ಗದ್ದ ಊರಿದ.

ಮೂವರೂ ಕಾಯುತ್ತಿದ್ದರು. ಮಹಜಬೀನಳ ಜೀವಮಾನದಲ್ಲಿ ಹೀಗೆ ಯಾರೂ ಅವಳ ಬಾಯಿಯಿಂದ ಕಥೆ ಕೇಳಲು ಕಾದಿರಲಿಲ್ಲ. ಆ ಮೂರನೇ ತುಂಡು ಅವಳಿಗೆ ಹೆಚ್ಚು ಕಡಿಮೆ ಬಾಯಿಪಾಠವಾಗಿತ್ತು. ಗಂಟಲು ಸರಿಮಾಡಿಕೊಂಡಳು.

"ಅಪ್ಪ ಹಾಸಿಗೆ ಹಿಡೀತಾನೆ. ಅವಳು ತಮ್ಮನಿಗೆ ಬಾ ಅಂತ ಹೇಳಿ ಕಳಿಸ್ತಾಳೆ. ಅವನು ಬರೋ ಮೊದಲೇ ಬಸ್ಸು ಹತ್ತಿ ಹೋಗಿಬಿಡ್ತಾಳೆ."

ಗಾಳಿಗೆ ಎಲ್ಲೋ ಒಂದು ಕಾಯಿ ಬಿತ್ತು. ಅವರು ಇನ್ನೂ ಕಾಯುತ್ತಿದ್ದರು.

"ಅಷ್ಟೇನಾ?" ಎಂದ ಅಸ್ಲಂ.

"ಅಷ್ಟೇ."

"ಅಪ್ಪನ್ನ ಹಂಗೇ ಬಿಟ್ಟು?" ಎಂದಳು ಅತಿಯಾ. ಒಲೆಯ ಕಡೆ ನೋಡಿ, "ಏನೋಪ್ಪ," ಎಂದಳು.

ಗಂಗಹನುಮಯ್ಯ ತಲೆಯಾಡಿಸಿದ. "ನಿಮ್ಮಪ್ಪ ಆಗಿದ್ರೆ ಆ ಬಸ್ನಾಗೆ ಯಾರ್ಯಾರು ಕುಂತಿದ್ರು ಅಂತ್ಲೂ ಯೋಳೋನು ಕಣಮ್ಮ."

"ಅದು ಪುಸ್ತಕದಲ್ಲಿಲ್ಲ, ಅಜ್ಜ."

"ಇರ್ದೇ ಇರ್ಬೋದು. ಅವ್ನು ಯೋಳೋನು."

ಅತಿಯಾ ಒಲೆಯ ಮೇಲಿನ ಅನ್ನ ನೋಡಲು ಎದ್ದಳು. ಅಸ್ಲಂ ಲಾರಿಯವನಿಗೆ ಫೋನ್ ಮಾಡಬೇಕೆಂದು ಸಿಗ್ನಲ್ ಸಿಗುವ ಕಡೆಗೆ ಬದುವಿನ ಮೇಲೆ ನಡೆದ. ಮುದುಕ ಕುಳಿತಲ್ಲೇ ತೂಕಡಿಸತೊಡಗಿದ. ಮಹಜಬೀನ್ ಆ ಬಸ್ಸಿನಲ್ಲಿ ಯಾರು ಕುಳಿತಿರಬಹುದೆಂದು ಯೋಚಿಸಿ ನೋಡಿದಳು. ಒಬ್ಬರೂ ಹೊಳೆಯಲಿಲ್ಲ.