ಒಂದ ಸಲ ಕರಿಯೋ ಹೊಳಿಭೂತ

ಅನಗವಾಡಿ ಹೊಳ್ಯಾಗ ಐವತ್ತು ವರ್ಷ ದೋಣಿ ನಡೆಸಿದವ ನಾನು. ಮೊಸಳಿ ಬೆನ್ನ ಮ್ಯಾಲೆ ಕೂತು ದಂಡಿ ಮುಟ್ಟಿದವ ಈ ಸೀಮ್ಯಾಗ ನಾ ಒಬ್ಬನ. ಸಾಲಿ ಮೆಟ್ಟಿಲು ಹತ್ತಿಲ್ಲ ಖರೆ, ಆದರ ನನ್ನ ಕಥಿ ಕೇಳಾಕ ಜಮಖಂಡಿ ಕಾಲೇಜಿನ ಹುಡುಗಿ ಬಸ್ಸು ಹತ್ತಿ ಬಂದಳು. ಗೆಳತ್ಯಾರೆಲ್ಲ ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಒಬ್ಬೊಬ್ಬರು ಒಬ್ಬೊಬ್ಬ ವೀರ ಆಗಿ ಕಥಿ ಆಡ್ತಾರಂತ. ಅವರಿಗೆ ಎದುರಾಗೋ ಭೂತಗಳನ್ನ ಹೊಂದಿಸೋ ಕೆಲಸ ಈಕೀದು.

"ಅಜ್ಜಾರ, ಪುಸ್ತಕದಾಗಿನ ಭೂತ ಎಲ್ಲಾ ಪರದೇಶದ್ದು. ನಮ್ಮ ಹೊಳೀದು ಒಂದು ಕೊಡ್ರಿ."

ಕೊಟ್ಟೆ. ಮುಂಜಾನಿ ಮಂಜಿನಾಗ ಅದು ನಿಮ್ಮವರ ದನಿ ತಗದು ಕರೀತೈತಿ, ಓ ಅಂದರ ದೋಣಿ ಸಮೇತ ನುಂಗತೈತಿ, ಇಂಥಾವು ಏಳು ನನ್ನ ಕೈಯಾಗ ಸತ್ತಾವು ಅಂದೆ.

"ಅದು ಭೂತನೋ ಮನಷ್ಯಾನೋ, ಆಡೋರಿಗೆ ಹ್ಯಾಂಗ ಗೊತ್ತಾಗಬೇಕ್ರಿ?"

"ಭೂತ ಒಂದ ಸಲ ಕರೀತೈತವ್ವಾ. ಎರಡನೇ ಸಲ ಕರದರ ಮನಷ್ಯಾ. ಅದಕ್ಕ ದೋಣಿಯವರು ನಾವು ಮೊದಲನೇ ಸಲಕ್ಕ ಓ ಅನ್ನೂದಿಲ್ಲ."

ಬರಕೊಂಡಳು. ಆಮ್ಯಾಲೆ ಪೆನ್ನು ನಿಲ್ಲಿಸಿ ಕೇಳಿದಳು, "ಮುಳುಗಾವಗ ಎರಡನೇ ಸಲ ಕರಿಯಾಕ ಉಸಿರು ಇರತೈತೇನ್ರಿ?"

ನನ್ನ ತಮ್ಮ ಮಂಜಿನಾಗ "ಅಣ್ಣಾ" ಅಂತ ಒಂದ ಸಲ ಕರದಿದ್ದ. ನಾ ಹುಟ್ಟು ಹಿಡಕೊಂಡು ಎರಡನೇದಕ್ಕ ಕಾದೆ. ಮೂರನೇ ದಿನ ಹೆಣ ತೇಲಿತು. ಇದನ್ನ ಯಾರಿಗೂ ಹೇಳಿರಲಿಲ್ಲ, ಆಕಿಗೆ ಹೇಳಿದೆ.

ಆಕಿ ಪೆನ್ನು ಕೆಳಗಿಟ್ಟಳು. ಕಡೀಕ ಸಣ್ಣ ದನೀಲೆ, "ಆಟದಾಗ ಆ ಭೂತಕ್ಕ ಎಷ್ಟು ಬಲ ಕೊಡಬೇಕ್ರಿ ಅಜ್ಜಾರ?" ಅಂದಳು.

"ನಿನಗ ತಿಳದಷ್ಟು ಕೊಡವ್ವಾ. ನಾ ಅದನ್ನ ಒಮ್ಮಿನೂ ನೋಡಿಲ್ಲ."