ಒಂದೇ ಕಡೆಯ ಎರಡು ತೋಳು

ದರ್ಜಿ ಚಿಕ್ಕಮ್ಮನ ದೃಷ್ಟಿ ನಡುವಿನಿಂದ ಮಾಸತೊಡಗಿತ್ತು. ಎದುರು ನಿಂತವರ ಕಿವಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಹೊಲಿಗೆಯನ್ನು ಅಕ್ಕನ ಮಗಳಿಗೆ ಬಿಟ್ಟುಕೊಟ್ಟಿದ್ದರೂ ಬಟ್ಟೆ ಕತ್ತರಿಸುವ ಕೆಲಸವನ್ನು ಮಾತ್ರ ಆಕೆ ಬಿಟ್ಟಿರಲಿಲ್ಲ. ಕತ್ತರಿ ಕೆಳಗಿಟ್ಟರೆ ಆ ಅಂಗಡಿಯಲ್ಲಿ ತಾನು ಬರೀ ಕುರ್ಚಿ ತುಂಬುವ ಹೆಂಗಸಾಗುವೆನೆಂಬ ಅಳುಕು.

"ನಂದು ಕೈ ನೆನಪು ಕಣೇ," ಎನ್ನುತ್ತಿದ್ದಳು. "ನಿಂದು ಕಣ್ಣಿನ ಬುದ್ಧಿ. ಕನ್ನಡಿ ಕಂಡ ಗುಬ್ಬಿ ಹಾಗೆ ನೋಡ್ತಾ ಕೂತಿರ್ತೀಯ."

"ಕಣ್ಣಿರೋದೇ ನೋಡೋಕಲ್ವಾ ಚಿಕ್ಕಮ್ಮ?"

"ನೋಡೋದನ್ನ ಕಣ್ಣಿಗೇ ಯಾರು ಗುತ್ತಿಗೆ ಕೊಟ್ರು? ರುಚಿ ನೋಡ್ತೀವಿ, ಮೂಸಿ ನೋಡ್ತೀವಿ. ಬಾ, ಮುಟ್ಟಿ ನೋಡು."

ಹುಡುಗಿಯ ಕಣ್ಣು ಮುಚ್ಚಿಸಿ, ಬಟ್ಟೆಯ ಅಂಚನ್ನು ಬೆರಳ ನಡುವೆ ಹಾಯಿಸಿ ಹತ್ತಿ ಯಾವುದು, ರೇಷ್ಮೆ ಯಾವುದು ಎಂದು ಹೇಳಿಸುತ್ತಿದ್ದಳು. ಒಬ್ಬರದು ಕಣ್ಣು, ಒಬ್ಬರದು ಕಿವಿ, ಒಬ್ಬರದು ಕೈ ಎಂದು ಮನುಷ್ಯರನ್ನು ವಿಂಗಡಿಸುವ ಮಾತು ಕೇಳಲು ಚೆನ್ನ. ಆದರೆ ಕೈಗೆ ಗೊತ್ತಿದೆ ಎಂದು ಆಕೆ ತಿಳಿದದ್ದರಲ್ಲಿ ಎಷ್ಟು ಪಾಲನ್ನು ಕಣ್ಣು ಸದ್ದಿಲ್ಲದೆ ಒದಗಿಸಿತ್ತೆಂಬುದು ಆಕೆಗೂ ತಿಳಿದಿರಲಿಲ್ಲ.

ಸಂಗೀತದ ಮೇಷ್ಟ್ರು ಕೋಟು ಹೊಲಿಸಲೆಂದು ಕಪ್ಪು ಮಖಮಲ್ಲು ತಂದರು. ಮಡಿಸಿದರೆ ಜಾರುವ ಬಟ್ಟೆಯದು. ತೋಳುಗಳನ್ನು ಒಂದೊಂದಾಗಿ ಕತ್ತರಿಸಬೇಕು. ಒಂದು ಮುಗಿದ ಮೇಲೆ ಅಳತೆಯ ಕಾಗದವನ್ನು ಮಗುಚಿ ಹಾಸಿದರೆ ಇನ್ನೊಂದು ಕಡೆಯದು ಬರುತ್ತದೆ. ಚಿಕ್ಕಮ್ಮ ಅಂಗೈ ಸವರಿ, ಮಖಮಲ್ಲಿನ ನವಿರು ಯಾವ ಕಡೆಗೆ ಮಲಗಿದೆಯೆಂದು ಹಿಡಿದಳು; ಅದರಲ್ಲಿ ಎಳ್ಳಷ್ಟೂ ತಪ್ಪಲಿಲ್ಲ. ಆದರೆ ಎರಡನೆಯ ತೋಳಿಗೆ ಕಾಗದ ಮಗುಚುವುದನ್ನು ಮರೆತಳು. ಮಿಷನ್ ಮುಂದೆ ಕೂತಿದ್ದ ಹುಡುಗಿ ಬಾಯಿ ತೆರೆದು, ಮುಚ್ಚಿಕೊಂಡಳು. ಕತ್ತರಿ ಮುಂದೆ ಸಾಗಿತು.

ಕೂಡಿಸುವಾಗ ನೋಡಿದರೆ ಎರಡೂ ಬಲತೋಳು. ಚಿಕ್ಕಮ್ಮ ಒಂದರ ಮೇಲೊಂದು ಇಟ್ಟು ಅಂಚು ತಡವಿದಳು. ಬಹಳ ಹೊತ್ತು ತಡವಿದಳು.

"ಕತ್ತರಿಸೋವಾಗ ನೀನು ಕಂಡಿದ್ಯಾ?"

"ಕಂಡೆ."

"ಮತ್ತೆ ಬಾಯಲ್ಲಿ ದಾರ ಕಚ್ಕೊಂಡಿದ್ಯೇನೆ?"

"ನಿನ್ನ ಕೈ ತಪ್ಪಲ್ಲ ಅಲ್ವಾ. ನನ್ನ ಕಣ್ಣೇ ತಪ್ಪಿರಬೇಕು ಅಂದ್ಕೊಂಡೆ."

ಚಿಕ್ಕಮ್ಮನ ನಾಲಿಗೆಯ ತುದಿಗೆ ಬಂದಿದ್ದ ಬೈಗುಳ ಹಿಂದೆ ಸರಿಯಿತು. ಹುಡುಗಿ ಕಲಿತದ್ದು ತಾನು ಕಲಿಸಿದ್ದನ್ನೇ: ಸ್ವಂತ ಕಣ್ಣನ್ನೇ ನಂಬದಿರುವುದನ್ನು.

ಉಳಿದ ತುಂಡಿನಲ್ಲಿ ಒಂದು ತೋಳಿಗಾಗುವಷ್ಟು ಬಟ್ಟೆಯಿತ್ತು. ಮತ್ತೆ ತಪ್ಪಿದರೆ ಇಲ್ಲ. ಚಿಕ್ಕಮ್ಮನ ಕೈ ತಾನಾಗಿಯೇ ಕತ್ತರಿಯತ್ತ ಹೋಯಿತು. ಅದನ್ನು ಎತ್ತಿಕೊಂಡಳು. ಆಮೇಲೆ ಹಿಡಿಕೆಯನ್ನು ಹುಡುಗಿಯ ಕಡೆಗೆ ತಿರುಗಿಸಿದಳು.

"ನಾನು ಯಾವತ್ತೂ ಕತ್ತರಿಸಿಲ್ಲ ಚಿಕ್ಕಮ್ಮ."

"ಇವತ್ತು ಕತ್ತರಿಸು. ನವಿರು ಯಾವ ಕಡೆ ಅಂತ ನಾನು ಹೇಳ್ತೀನಿ. ತೋಳು ಯಾವ ಕಡೇದು ಅಂತ ನೀನು ಹೇಳು. ನಾನು ಬೈದ್ರೂ ಹೇಳು."

ಚಿಕ್ಕಮ್ಮ ಬಟ್ಟೆ ಸವರಿ ನವಿರಿನ ದಿಕ್ಕು ತೋರಿಸಿದಳು. ಹುಡುಗಿ ಕಾಗದವನ್ನು ಮಗುಚಿ ಹಾಸಿದಳು. "ಎಡಗಡೇದು," ಎಂದಳು. ಸ್ವರ ಸಣ್ಣಗಿತ್ತು.

"ಕೇಳಿಸ್ಲಿಲ್ಲ."

"ಎಡಗಡೇದು!"

ಚಿಕ್ಕಮ್ಮ ಬಟ್ಟೆಯ ಮೇಲಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಆ ಕೈಗಳಿಗೆ ಆಗ ಮಾಡಲು ಬೇರೆ ಕೆಲಸವಿರಲಿಲ್ಲ.